ಸೋಮವಾರದಿಂದ ಶನಿವಾರದವರೆಗೆ: ಕ್ಲೆಮ್ಸನ್ ತಂಡದ ಒಂದು ಸೆಪ್ಟೆಂಬರ್ ವಾರ

2018ರ ಸೆಪ್ಟೆಂಬರ್ 24, ಸೋಮವಾರ. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಆಡಿದ ನಾಲ್ಕು ಪಂದ್ಯಗಳನ್ನೂ ಗೆದ್ದಿತ್ತು. ನಾಲ್ಕಕ್ಕೂ ಮೊದಲು ಕಣಕ್ಕಿಳಿದವನು ಅಂತಿಮ ವರ್ಷದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಟ ನಡೆಸುವವನು, ಕೆಲ್ಲಿ ಬ್ರಯಂಟ್. ಆ ದಿನ ಕೋಚ್ ಡಾಬೊ ಸ್ವಿನ್ನಿ ಅವರು ಮುಂದಿನ ಪಂದ್ಯದಿಂದ ಟ್ರೆವರ್ ಲಾರೆನ್ಸ್ ಮೊದಲ ಆಯ್ಕೆ ಎಂದು ಪ್ರಕಟಿಸಿದರು. ಲಾರೆನ್ಸ್‌ಗೆ ಆಗ ಹದಿನೆಂಟು ವರ್ಷ. ಅವನು ಕಾಲೇಜು ಸೇರಿ ಒಂಬತ್ತು ತಿಂಗಳೂ ತುಂಬಿರಲಿಲ್ಲ. ಬುಧವಾರ ಬ್ರಯಂಟ್ ತಂಡ ಬಿಟ್ಟ. ಶನಿವಾರ ಲಾರೆನ್ಸ್ ಪೆಟ್ಟು ತಿಂದು ಅಂಗಳದಿಂದ ಹೊರಬಂದ. ಆಗ ಕ್ಲೆಮ್ಸನ್ ಕೈಯಲ್ಲಿ ಉಳಿದದ್ದು ಬಹುತೇಕ ಯಾರೂ ಹೆಸರು ಕೇಳಿರದ ಇನ್ನೊಬ್ಬ ಹುಡುಗ, ಎದುರಿಗೆ ನಿಂತದ್ದು ವರ್ಷಗಳ ಸೋಲಿನಿಂದ ಮೇಲೇಳುತ್ತಿದ್ದ ಸಿರಕ್ಯೂಸ್.

ಆ ವಾರವನ್ನು ಒಂದು ಪ್ರಕರಣವಾಗಿ ಬಿಡಿಸಿ ನೋಡಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಹಿರಿಯನನ್ನು ಕೂರಿಸಿ ಕಿರಿಯನನ್ನು ಆಡಿಸುವ ಪ್ರಶ್ನೆ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಹತ್ತಾರು ಕಾಲೇಜುಗಳಲ್ಲಿ ಏಳುತ್ತದೆ. ಅದರ ಎಲ್ಲ ಎಳೆಗಳೂ ಆರು ದಿನಗಳಲ್ಲಿ ಒಂದೇ ಕಡೆ ಬಂದು ಸೇರಿದ ಇನ್ನೊಂದು ಸಂದರ್ಭ ನನಗೆ ಗೊತ್ತಿಲ್ಲ.

ಆಟ ಮತ್ತು ನಿಯಮ

ಈ ಆಟ ನೋಡದವರಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶಗಳಿರುತ್ತವೆ. ಅವನ್ನು ಡೌನ್ ಎನ್ನುತ್ತಾರೆ. ಸುಮಾರಾಗಿ ಪ್ರತಿ ಅವಕಾಶವೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಶುರುವಾಗುತ್ತದೆ: ಎಸೆಯಬೇಕೋ, ಓಡುವವನಿಗೆ ಕೊಡಬೇಕೋ, ತಾನೇ ಓಡಬೇಕೋ. ಕ್ರಿಕೆಟ್‌ನಲ್ಲಿ ಇಬ್ಬರು ಒಳ್ಳೆಯ ಬ್ಯಾಟರ್‌ಗಳಿದ್ದರೆ ಇಬ್ಬರನ್ನೂ ಆಡಿಸಬಹುದು. ಇಲ್ಲಿ ಹಾಗಾಗುವುದಿಲ್ಲ, ಆ ಜಾಗದಲ್ಲಿ ನಿಲ್ಲುವವನು ಒಬ್ಬನೇ. ಎರಡನೆಯವನು ಎಷ್ಟೇ ಚೆನ್ನಾಗಿದ್ದರೂ ಬೆಂಚಿನ ಮೇಲೆಯೇ.

ಕಾಲೇಜು ಆಟಗಾರನಿಗೆ ಐದು ವರ್ಷಗಳ ಒಳಗೆ ನಾಲ್ಕು ಋತು ಆಡುವ ಅವಕಾಶ ಇತ್ತು. ಆಡದೆ ಕೂತ ವರ್ಷವನ್ನು ರೆಡ್‌ಶರ್ಟ್ ವರ್ಷ ಎನ್ನುತ್ತಾರೆ. ಗಾಯದಂಥ ವಿನಾಯಿತಿ ಬಿಟ್ಟರೆ, ಮೊದಲು ಒಂದೇ ಒಂದು ಡೌನ್‌ಗೆ ಅಂಗಳಕ್ಕಿಳಿದರೂ ಆ ಇಡೀ ವರ್ಷ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. 2018ರ ಜೂನ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಈ ನಿಯಮ ಬದಲಿಸಿತು: ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷ ಕಳೆದುಹೋಗುವುದಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಸ್ವಲ್ಪ ಅನುಭವ ಸಿಗಲಿ ಎಂಬುದು ಅದರ ಉದ್ದೇಶ. ಆದರೆ ನಿಯಮದಲ್ಲಿ ಮೊದಲ ವರ್ಷದವರಿಗೆ ಮಾತ್ರ ಎಂದು ಬರೆದಿರಲಿಲ್ಲ. ಅಂತಿಮ ವರ್ಷದ ಆಟಗಾರನಿಗೂ ಅದೇ ಬಾಗಿಲು ತೆರೆದಿತ್ತು, ಅವನು ಐದನೆಯ ಪಂದ್ಯಕ್ಕೆ ಅಂಗಳಕ್ಕಿಳಿದ ಕ್ಷಣ ಅದು ಮುಚ್ಚಿಕೊಳ್ಳುತ್ತಿತ್ತು. ಸೆಪ್ಟೆಂಬರ್ 29ರ ಪಂದ್ಯ ಕ್ಲೆಮ್ಸನ್‌ಗೆ ಆ ಋತುವಿನ ಐದನೆಯದು.

ಬ್ರಯಂಟ್ ಮತ್ತು ಲಾರೆನ್ಸ್

ಬ್ರಯಂಟ್ ಅದೇ ರಾಜ್ಯದ ಹುಡುಗ. ಡೆಶಾನ್ ವಾಟ್ಸನ್ ಎಂಬ ಮಹಾನ್ ಆಟಗಾರ ಹೊರಟುಹೋದ ಮೇಲೆ 2017ರಲ್ಲಿ ಆ ಜಾಗಕ್ಕೆ ಬಂದವನು. ಆ ವರ್ಷ ತಂಡ ಹನ್ನೆರಡು ಪಂದ್ಯ ಗೆದ್ದು ಎರಡು ಸೋತಿತು, ತಾನು ಆಡುವ ಎಸಿಸಿ ಲೀಗ್‌ನ ಫೈನಲ್‌ನಲ್ಲಿ ಮಿಯಾಮಿಯನ್ನು 38–3ರಿಂದ ಬಡಿಯಿತು. ವರ್ಷದ ಕೊನೆಗೆ, 2018ರ ಜನವರಿ 1ರಂದು, ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಅಲಬಾಮಾ ಎದುರು 24–6ರಿಂದ ಸೋಲು. ಸೆಪ್ಟೆಂಬರ್ 24ರ ಹೊತ್ತಿಗೆ ಅವನ ಒಟ್ಟು ದಾಖಲೆ ಹದಿನಾರು ಗೆಲುವು, ಎರಡು ಸೋಲು. ಆ ಎರಡು ಸೋಲುಗಳಲ್ಲಿ ಒಂದು ಸಿರಕ್ಯೂಸ್ ಎದುರಿನದು. ಆ ದಿನ ಅವನು ತಲೆಗೆ ಪೆಟ್ಟು ಬಿದ್ದು ವಿರಾಮಕ್ಕೆ ಮುಂಚೆಯೇ ಹೊರಗೆ ಹೋಗಿದ್ದ. ಇಂಥ ದಾಖಲೆಯವನನ್ನು ಸೋತವನು ಎಂದು ಕೂರಿಸಲು ಬರುವುದಿಲ್ಲ.

ಲಾರೆನ್ಸ್ ಜಾರ್ಜಿಯಾದ ಕಾರ್ಟರ್ಸ್‌ವಿಲ್‌ನವನು. ಆರೂವರೆ ಅಡಿ ಎತ್ತರ, ಹೆಗಲ ಮೇಲೆ ಹರಡುವ ಹೊಂಬಣ್ಣದ ಕೂದಲು. ಪ್ರೌಢಶಾಲೆಯಲ್ಲಿ ಸತತ 41 ಪಂದ್ಯ ಗೆದ್ದಿದ್ದ, ಎರಡು ಬಾರಿ ರಾಜ್ಯ ಚಾಂಪಿಯನ್ ಆಗಿದ್ದ, ವಾಟ್ಸನ್ ಹೆಸರಲ್ಲಿದ್ದ ಜಾರ್ಜಿಯಾದ ಎಸೆತದ ದಾಖಲೆಗಳನ್ನು ಅಳಿಸಿದ್ದ. ಅವನು ಬರುತ್ತಾನೆಂದಾಗಲೇ ಕ್ಲೆಮ್ಸನ್‌ನ ಮೀಸಲು ಸಾಲು ಕರಗತೊಡಗಿತ್ತು. ಜೆರಿಕ್ ಕೂಪರ್ ಜ್ಯಾಕ್ಸನ್‌ವಿಲ್ ಸ್ಟೇಟ್‌ಗೆ ಹೋದ. ಹಂಟರ್ ಜಾನ್ಸನ್ ನಾರ್ತ್‌ವೆಸ್ಟರ್ನ್‌ಗೆ ಹೋದ. ಉಳಿದವನು ಚೇಸ್ ಬ್ರೈಸ್ ಒಬ್ಬನೇ, ಅವನೂ ಹಿಂದಿನ ವರ್ಷ ಆಡದೆ ಕೂತವನು.

ಮೊದಲ ನಾಲ್ಕು ಪಂದ್ಯಗಳಲ್ಲಿ ಸ್ವಿನ್ನಿ ಇಬ್ಬರನ್ನೂ ಆಡಿಸಿದರು. ಆರಂಭ ಬ್ರಯಂಟ್‌ನದು, ನಡುವೆ ಲಾರೆನ್ಸ್. ಟೆಕ್ಸಸ್ ಎ ಅಂಡ್ ಎಂ ಎದುರು ಅವರ ಕೈಲ್ ಫೀಲ್ಡ್‌ನಲ್ಲಿ 28–26ರಿಂದ ಗೆದ್ದ ಬಿಗಿ ಪಂದ್ಯದಲ್ಲಿ ಲಾರೆನ್ಸ್ 64 ಗಜಗಳ ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದ. ಆದರೂ ಒತ್ತಡದ ಹೊತ್ತಿನಲ್ಲಿ ತಂಡವನ್ನು ದಡ ಸೇರಿಸಿದವನು ಬ್ರಯಂಟ್. ಜಾರ್ಜಿಯಾ ಟೆಕ್ ಎದುರು ತಕ್ಕಡಿ ಪೂರ್ತಿ ವಾಲಿತು. ಅಲ್ಲಿ ಲಾರೆನ್ಸ್ 18ರಲ್ಲಿ 13 ಎಸೆತ ಮುಟ್ಟಿಸಿ ನಾಲ್ಕು ಟಚ್‌ಡೌನ್ ಗಳಿಸಿದ. ನಾಲ್ಕು ಪಂದ್ಯಗಳ ಒಟ್ಟು ಲೆಕ್ಕದಲ್ಲಿ ಬ್ರಯಂಟ್ 54 ಸಲ ಎಸೆದು ಎರಡು ಟಚ್‌ಡೌನ್, ಲಾರೆನ್ಸ್ 60 ಸಲ ಎಸೆದು ಒಂಬತ್ತು. ಅಭ್ಯಾಸದ ಅಂಗಳದಲ್ಲಿ ತಂಡದವರು ದಿನವೂ ನೋಡುತ್ತಿದ್ದುದನ್ನೇ ಈ ಅಂಕಿಗಳು ಹೊರಗಿನವರಿಗೆ ಹೇಳುತ್ತಿದ್ದವು.

ನಿರ್ಧಾರದ ಹಿಂದೆ ಇನ್ನೊಂದು ಋಣವಿತ್ತು, ಅದನ್ನು ಜನ ಮರೆಯುತ್ತಾರೆ. ತಂಡದ ರಕ್ಷಣಾ ಸಾಲಿನ ಕ್ರಿಶ್ಚಿಯನ್ ವಿಲ್ಕಿನ್ಸ್, ಕ್ಲೆಲಿನ್ ಫೆರೆಲ್, ಆಸ್ಟಿನ್ ಬ್ರಯಂಟ್ ಈ ಮೂವರೂ ಆ ವರ್ಷದ ಆರಂಭದಲ್ಲೇ ವೃತ್ತಿಪರ ಲೀಗಿಗೆ ಹೋಗಬಹುದಿತ್ತು. ಅಲಬಾಮಾ ಎದುರಿನ ಸೋಲು ಕೊರೆಯುತ್ತಿದ್ದುದರಿಂದ ಇನ್ನೊಂದು ವರ್ಷ ಉಳಿದರು. ಅವರೊಂದಿಗೆ ಡೆಕ್ಸ್‌ಟರ್ ಲಾರೆನ್ಸ್ ಸೇರಿ ಆದ ರಕ್ಷಣಾ ಸಾಲಿನಿಂದ 2019ರಲ್ಲಿ ಮೂವರು ವೃತ್ತಿಪರ ಲೀಗಿಗೆ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಹಣ ಬಿಟ್ಟು, ಮೊಣಕಾಲನ್ನು ಒತ್ತೆಯಿಟ್ಟು ಉಳಿದ ಇವರಿಗೆ ತಂಡದಲ್ಲಿರುವ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಕೊಡುವುದು ಕೋಚ್ ಮೇಲಿದ್ದ ಹೊಣೆ. ಕೆಲ್ಲಿ ಬ್ರಯಂಟ್‌ನ ನಿಷ್ಠೆಯನ್ನು ಮಾತ್ರ ತೂಕಕ್ಕಿಟ್ಟರೆ ಇವರ ನಿಷ್ಠೆ ಬದಿಗೆ ಸರಿದುಬಿಡುತ್ತದೆ.

ಅದಕ್ಕೇ ನಿರ್ಧಾರ ಸರಿಯಿತ್ತು ಎನ್ನುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಹೇಳಿದ ದಿನ ಸರಿಯಿತ್ತು. ಸ್ವಿನ್ನಿ ಇನ್ನೊಂದೇ ವಾರ ಬಾಯಿ ಮುಚ್ಚಿಕೊಂಡು, ಸಿರಕ್ಯೂಸ್ ಎದುರು ಬ್ರಯಂಟ್‌ನನ್ನು ನಾಲ್ಕು ಡೌನ್‌ಗೆ ಇಳಿಸಿದ್ದರೆ ಸಾಕಿತ್ತು. ಅವನ ಬಾಗಿಲು ಮುಚ್ಚುತ್ತಿತ್ತು, ಕ್ಲೆಮ್ಸನ್‌ಗೆ ವರ್ಷವಿಡೀ ಅನುಭವಿ ಮೀಸಲು ಆಟಗಾರ ಸಿಗುತ್ತಿದ್ದ. ಯಾವ ನಿಯಮವನ್ನೂ ಮುರಿದಂತಾಗುತ್ತಿರಲಿಲ್ಲ. ನಾಲ್ಕನೆಯ ಪಂದ್ಯ ಮುಗಿದ ಮರುದಿನದ ಮರುದಿನವೇ ಸತ್ಯ ಹೇಳಿ, ಹೋಗುವುದು ಬಿಡುವುದು ಆ ಹುಡುಗನ ಕೈಯಲ್ಲಿರುವಾಗಲೇ ಅವನಿಗೆ ಬಿಟ್ಟುಕೊಟ್ಟದ್ದಕ್ಕೆ ಅವರಿಗೆ ಸಲ್ಲಬೇಕಾದ ಗೌರವ ಸಂದಿಲ್ಲ.

ಬ್ರಯಂಟ್ ಬುಧವಾರ ತಾನು ಹೊರಡುವುದಾಗಿ ಪ್ರಕಟಿಸಿದ. ಕೆನ್ನೆಗೆ ಹೊಡೆದ ಹಾಗಾಯಿತು ಎಂಬರ್ಥದ ಮಾತನ್ನು ಊರಿನ ಪತ್ರಿಕೆಯ ಮುಂದೆ ಆಡಿದ. ಅದಕ್ಕೆ ಅಭಿಮಾನಿಗಳು ಅವನನ್ನು ನಡುನೀರಿನಲ್ಲಿ ಕೈಬಿಟ್ಟವನೆಂದು ಹಳಿದರು. ಇದು ಅನ್ಯಾಯ. ಮುಂದಿನ ಋತುವಿನಲ್ಲಿ ಎಲ್ಲಿಯಾದರೂ ಪೂರ್ತಿ ವರ್ಷ ಆಡುವ ಅವಕಾಶವನ್ನು ಅವನಿಗೆ ಕೊಟ್ಟದ್ದು ನಿಯಮ, ತಾನಾಗಿ ಕಸಿದುಕೊಂಡದ್ದಲ್ಲ. ಇಪ್ಪತ್ತೆರಡರ ಹರೆಯದಲ್ಲಿ, ಉಳಿದಿರುವುದು ಒಂದೇ ಋತು ಎಂದಾದಾಗ, ಅದನ್ನು ಬೆಂಚಿನ ಮೇಲೆ ಕಳೆಯಬೇಕೆಂದು ಅವನಿಗೆ ಬುದ್ಧಿ ಹೇಳುವ ಹಕ್ಕು ನಮಗೆ ಯಾರಿಗೂ ಇಲ್ಲ. ಅವನು ಮುಂದೆ ಮಿಸೌರಿ ಸೇರಿ 2019ರಲ್ಲಿ ಆಡಿದ.

ಸಿರಕ್ಯೂಸ್ ಬಂದ ದಾರಿ

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಸಿರಕ್ಯೂಸ್ ಒಂದು ಕಾಲದ ದೊಡ್ಡ ಹೆಸರು. ಈ ಆಟದ ದಂತಕಥೆ ಜಿಮ್ ಬ್ರೌನ್ ಆಡಿದ್ದು ಇಲ್ಲಿ. 1959ರ ರಾಷ್ಟ್ರೀಯ ಚಾಂಪಿಯನ್ ಇದೇ ತಂಡ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಗೌರವವನ್ನು ಇಲ್ಲಿನ ಎರ್ನಿ ಡೇವಿಸ್ ಪಡೆದದ್ದು 1961ರಲ್ಲಿ. ಆಮೇಲೆ ಇಳಿಜಾರು. ಡೀನೊ ಬೇಬರ್ಸ್ ಕೋಚ್ ಆದ ಮೊದಲ ಎರಡು ವರ್ಷಗಳೂ ತಂಡ ನಾಲ್ಕು ಗೆದ್ದು ಎಂಟು ಸೋತಿತು. ಅಂಕಿ ಮಾತ್ರ ನೋಡಿದವರಿಗೆ ಏನೂ ಬದಲಾದಂತೆ ಕಾಣುತ್ತಿರಲಿಲ್ಲ. ಆದರೆ 2017ರ ಅಕ್ಟೋಬರ್ 13ರ ಶುಕ್ರವಾರ ರಾತ್ರಿ ಅದೇ ತಂಡ ದೇಶದ ಎರಡನೆಯ ಸ್ಥಾನದಲ್ಲಿದ್ದ ಕ್ಲೆಮ್ಸನ್‌ನನ್ನು 27–24ರಿಂದ ಸೋಲಿಸಿತ್ತು.

2018ರಲ್ಲಿ ಅವರು ಮೊದಲ ನಾಲ್ಕೂ ಪಂದ್ಯ ಗೆದ್ದು ಕ್ಲೆಮ್ಸನ್‌ಗೆ ಬಂದಿದ್ದರು. 1991ರ ನಂತರ ಅಂಥ ಆರಂಭ ಅವರಿಗೆ ಸಿಕ್ಕಿರಲಿಲ್ಲ. ಫ್ಲಾರಿಡಾ ಸ್ಟೇಟ್ ಎದುರು 1966ರ ನಂತರ ಮೊದಲ ಬಾರಿಗೆ, 30–7ರಿಂದ ಗೆದ್ದಿದ್ದರು. ಅವರ ಕ್ವಾರ್ಟರ್‌ಬ್ಯಾಕ್ ಎರಿಕ್ ಡಂಗಿ ಅಂತಿಮ ವರ್ಷದವನು, ಪೆಟ್ಟಿಗೆ ಅಂಜದೆ ನುಗ್ಗಿ ಓಡುವವನು, ಆದ್ದರಿಂದಲೇ ಪದೇ ಪದೇ ಗಾಯಗೊಂಡವನು. ಫ್ಲಾರಿಡಾ ಸ್ಟೇಟ್ ಪಂದ್ಯದಲ್ಲೂ ಅವನು ನಡುವೆಯೇ ಹೊರಬಿದ್ದಾಗ ಆಟ ಮುಗಿಸಿಕೊಟ್ಟವನು ಟಾಮಿ ಡಿವಿಟೊ ಎಂಬ ಕಿರಿಯ. ಅಂದರೆ ಕ್ಲೆಮ್ಸನ್ ಮುಂದಿದ್ದ ಪ್ರಶ್ನೆ ಸಿರಕ್ಯೂಸ್ ಒಳಗೂ ಇತ್ತು, ಇನ್ನೂ ಬಾಯಿಬಿಟ್ಟಿರಲಿಲ್ಲ ಅಷ್ಟೆ.

ಶನಿವಾರ

ಕ್ಲೆಮ್ಸನ್‌ನ ಮೆಮೋರಿಯಲ್ ಸ್ಟೇಡಿಯಂನಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಆ ಪುಟ್ಟ ಊರಿನ ಜನಸಂಖ್ಯೆಗಿಂತ ಅದು ಹಲವು ಪಟ್ಟು. ಪಂದ್ಯಕ್ಕೆ ಮುಂಚೆ ಆಟಗಾರರು ಅಲ್ಲಿ ಇರಿಸಿರುವ ಒಂದು ಕಲ್ಲನ್ನು ಮುಟ್ಟಿ ದಿಬ್ಬದಿಂದ ಓಡಿಕೊಂಡು ಅಂಗಳಕ್ಕೆ ಇಳಿಯುವುದು ರೂಢಿ.

ಎರಡನೆಯ ಕ್ವಾರ್ಟರ್‌ನಲ್ಲಿ ಲಾರೆನ್ಸ್ ಚೆಂಡು ಹಿಡಿದು ಗೆರೆಯತ್ತ ಓಡಿದ. ಅಂಗಳದ ಅಂಚಿನಲ್ಲಿ ಸಿರಕ್ಯೂಸ್‌ನ ರಕ್ಷಕ ಅಪ್ಪಳಿಸಿದ. ಲಾರೆನ್ಸ್ ಎದ್ದ, ಆದರೆ ಮತ್ತೆ ಆಡಲಿಲ್ಲ. ತಲೆಯ ಹತ್ತಿರದ ಪೆಟ್ಟು ಎಂಬ ಕಾರಣಕ್ಕೆ ಅವನನ್ನು ವಾಪಸು ಕಳಿಸದಿರಲು ನಿರ್ಧರಿಸಿದರು. ಬದಲಿಗೆ ಇಳಿದವನು ಬ್ರೈಸ್. ಅವನೂ ಬಿದ್ದರೆ? ವಾಟ್ಸನ್ ಕಾಲದಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಗೆಲುವಿನ ಚೆಂಡು ಹಿಡಿದಿದ್ದ ಹಂಟರ್ ರೆನ್‌ಫ್ರೊ ತುರ್ತಿನ ಕ್ವಾರ್ಟರ್‌ಬ್ಯಾಕ್ ಆಗಿ ಸಿದ್ಧನಾಗಬೇಕಿತ್ತು. ಅವನು ಆ ಜಾಗದಲ್ಲಿ ಆಡಿದ್ದು ಪ್ರೌಢಶಾಲೆಯಲ್ಲಿ. ಬುಧವಾರದವರೆಗೂ ಸುಸಜ್ಜಿತವಾಗಿದ್ದ ಮನೆಯ ಅಟ್ಟ ಶನಿವಾರ ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗಿತ್ತು.

ನಾಲ್ಕನೆಯ ಕ್ವಾರ್ಟರ್‌ನಲ್ಲಿ ಸಿರಕ್ಯೂಸ್ 23–13ರಿಂದ ಮುಂದಿತ್ತು. ಸಿರಕ್ಯೂಸ್ ಅದೃಷ್ಟದಿಂದ ಅಲ್ಲಿಗೆ ತಲುಪಿರಲಿಲ್ಲ, ಅವರ ರಕ್ಷಣೆ ಗಟ್ಟಿಯಾಗಿತ್ತು. ಬ್ರೈಸ್‌ನ ಒಂದು ಎಸೆತವನ್ನು ಕಸಿದೂ ಇದ್ದರು. ಆಗ ಕ್ಲೆಮ್ಸನ್ ಎಸೆತವನ್ನು ಬದಿಗಿಟ್ಟು ಓಟಕ್ಕೆ ಮರಳಿತು. ಲೂಸಿಯಾನದ ಜೆನ್ನಿಂಗ್ಸ್‌ನಿಂದ ಬಂದ ಟ್ರಾವಿಸ್ ಎಟಿಯೆನ್ 26 ಗಜ ಓಡಿ ಅಂತರವನ್ನು 23–20ಕ್ಕೆ ಇಳಿಸಿದ.

ಕೊನೆಯ ಅವಕಾಶ ಸಿಕ್ಕಾಗ ಚೆಂಡು ಕ್ಲೆಮ್ಸನ್‌ನ ತನ್ನದೇ ಆರು ಗಜದ ಗೆರೆಯ ಮೇಲಿತ್ತು. ಗಡಿಯಾರದಲ್ಲಿ ಆರು ನಿಮಿಷ ಚಿಲ್ಲರೆ. ದಾಟಬೇಕಿದ್ದದ್ದು 94 ಗಜ. ಎಟಿಯೆನ್‌ನ ಓಟಗಳಿಂದ ಇಂಚಿಂಚಾಗಿ ಮೇಲೆ ಬಂದು ಅಂಗಳದ ನಡುವಿಗೆ ತಲುಪುವಷ್ಟರಲ್ಲಿ ನಾಲ್ಕನೆಯ ಡೌನ್ ಬಂತು, ಬೇಕಾದದ್ದು ಇನ್ನೂ ಆರು ಗಜ. ಇಲ್ಲಿ ತಪ್ಪಿದರೆ ಚೆಂಡು ಸಿರಕ್ಯೂಸ್ ಕೈಗೆ, ಪಂದ್ಯವೂ ಬಹುತೇಕ ಅವರ ಕೈಗೆ. ಓಡಿಸಲು ಆಗದು, ಎಸೆಯಲೇಬೇಕು. ಎಸೆಯುವವನು ವಾರದ ಹಿಂದೆ ಮೂರನೆಯ ಆಯ್ಕೆಯಾಗಿದ್ದವನು, ಸೋಲು ಗೆಲುವು ತೀರ್ಮಾನವಾದ ಮೇಲಷ್ಟೇ ಅಂಗಳ ಕಂಡವನು. ಬ್ರೈಸ್ ಚೆಂಡು ಪಡೆದ, ನೋಡಿದ, ಟೀ ಹಿಗ್ಗಿನ್ಸ್ ಕಡೆಗೆ ಎಸೆದ. ಹಿಗ್ಗಿನ್ಸ್ ಹಿಡಿದ. ಇಪ್ಪತ್ತು ಗಜ. ಮರು ಡೌನ್‌ನಲ್ಲಿ ಬ್ರೈಸ್ ತಾನೇ ಚೆಂಡನ್ನು ಇಟ್ಟುಕೊಂಡು 17 ಗಜ ಓಡಿದ. ನನ್ನ ಕಣ್ಣಿಗೆ ಎಸೆತಕ್ಕಿಂತ ಈ ಓಟ ದೊಡ್ಡದು. ಎಸೆತ ಕೋಚ್ ಬರೆದುಕೊಟ್ಟದ್ದು. ಆ ಓಟದಲ್ಲಿ ಕಾಣುವುದು ಭಯ ಬಿಟ್ಟ ಹುಡುಗ.

41 ಸೆಕೆಂಡ್ ಉಳಿದಿರುವಾಗ ಎಟಿಯೆನ್ ಎರಡು ಗಜದಿಂದ ಗೆರೆ ದಾಟಿದ. ಕ್ಲೆಮ್ಸನ್ 27, ಸಿರಕ್ಯೂಸ್ 23. ಎಟಿಯೆನ್ ಆ ದಿನ ಓಡಿದ್ದು 203 ಗಜ, ಮೂರು ಟಚ್‌ಡೌನ್. ಬ್ರೈಸ್ ಲೆಕ್ಕ ನೋಡಿದರೆ ಸಾಧಾರಣ: 13ರಲ್ಲಿ 7 ಎಸೆತ, 83 ಗಜ.

ಅದೇ ಶನಿವಾರ ಅಲಬಾಮಾದಲ್ಲಿ ಇದರ ಇನ್ನೊಂದು ಮುಖ ಕಾಣುತ್ತಿತ್ತು. ಜೇಲನ್ ಹರ್ಟ್ಸ್ ಇಪ್ಪತ್ತಾರು ಗೆಲುವು, ಎರಡು ಸೋಲಿನ ದಾಖಲೆಯಿದ್ದೂ ಟುವಾ ಟಗೊವೈಲೋವಾ ಎಂಬ ಕಿರಿಯನಿಗೆ ಜಾಗ ಬಿಟ್ಟುಕೊಟ್ಟಿದ್ದ. ಬ್ರಯಂಟ್ ಹೊರಟ ಬಾಗಿಲು ಅವನಿಗೂ ತೆರೆದಿತ್ತು. ಆ ದಿನ ತನ್ನ ಐದನೆಯ ಪಂದ್ಯಕ್ಕೆ ಇಳಿದು ಅವನೇ ಅದನ್ನು ಮುಚ್ಚಿಕೊಂಡ. ಡಿಸೆಂಬರ್ 1ರಂದು ಜಾರ್ಜಿಯಾ ಎದುರಿನ, ಅಲಬಾಮಾ ಆಡುವ ಎಸ್‌ಇಸಿ ಲೀಗ್‌ನ ಫೈನಲ್‌ನಲ್ಲಿ ಟಗೊವೈಲೋವಾ ಗಾಯಗೊಂಡಾಗ ಬೆಂಚಿನಿಂದ ಎದ್ದು ಬಂದು 35–28ರಿಂದ ಗೆಲ್ಲಿಸಿದ, ಮರುವರ್ಷ ಒಕ್ಲಹೋಮಕ್ಕೆ ಹೋದ. ಹರ್ಟ್ಸ್‌ನನ್ನು ಹೊಗಳಲು ಬ್ರಯಂಟ್‌ನನ್ನು ತೆಗಳುವವರನ್ನು ಬಹಳ ಕಂಡಿದ್ದೇನೆ. ಹರ್ಟ್ಸ್ ಆಗ ಮೂರನೆಯ ವರ್ಷದವನು, ಅವನ ಮುಂದೆ ಇನ್ನೊಂದು ಋತು ಹೇಗಿದ್ದರೂ ಇತ್ತು. ಬ್ರಯಂಟ್‌ಗೆ ಇರಲಿಲ್ಲ. ಈ ವ್ಯತ್ಯಾಸ ಬಿಟ್ಟು ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ಆಮೇಲೆ

ಮುಂದಿನ ವಾರ, ಅಕ್ಟೋಬರ್ 6ರಂದು, ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನವೇ ಲಾರೆನ್ಸ್ ಮರಳಿದ. ಕ್ಲೆಮ್ಸನ್ ವೇಕ್ ಫಾರೆಸ್ಟನ್ನು 63–3ರಿಂದ ಸೋಲಿಸಿತು. ಅಲ್ಲಿಂದ ಋತು ಮುಗಿಯುವವರೆಗಿನ ಹತ್ತು ಪಂದ್ಯಗಳಲ್ಲಿ ಒಂದರಲ್ಲೂ ಗೆಲುವಿನ ಅಂತರ ಇಪ್ಪತ್ತಕ್ಕಿಂತ ಕೆಳಗಿಳಿಯಲಿಲ್ಲ. 2019ರ ಜನವರಿ 7ರಂದು, ಕನ್ನಡಿಗರು ಬೇಕಾದಷ್ಟು ಮಂದಿ ನೆಲೆಸಿರುವ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ, ಅಲಬಾಮಾವನ್ನು 44–16ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಲಾರೆನ್ಸ್ 347 ಗಜ ಎಸೆದ. ಹದಿನೈದಕ್ಕೆ ಹದಿನೈದು ಗೆಲುವು. ಮೊದಲ ವರ್ಷದ ಕ್ವಾರ್ಟರ್‌ಬ್ಯಾಕ್ ಒಬ್ಬ ಮೊದಲ ಆಯ್ಕೆಯಾಗಿ ಆಡಿ ಪ್ರಶಸ್ತಿ ತಂದದ್ದು 1985ರ ಒಕ್ಲಹೋಮ ತಂಡದ ನಂತರ ಅದೇ ಮೊದಲು. ಆ ಇಡೀ ವರ್ಷದಲ್ಲಿ ತಂಡ ಸೋಲಿನ ಬಾಯಿಗೆ ನಿಜಕ್ಕೂ ಬಿದ್ದು ಎದ್ದದ್ದು ಆ ಶನಿವಾರ, ಅದೂ ಲಾರೆನ್ಸ್ ಇಲ್ಲದಿರುವಾಗ.

ಸಿರಕ್ಯೂಸ್ ಮರುವಾರ ಪಿಟ್ಸ್‌ಬರ್ಗ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ ಮತ್ತೆ ಸೋತಿತು. ಇಂಥ ಎರಡು ಸೋಲು ಮೇಲೇಳುತ್ತಿರುವ ತಂಡದ ಬೆನ್ನು ಮುರಿಯಬಹುದು. ಅಕ್ಟೋಬರ್ 20ರಂದು ನಾರ್ತ್ ಕ್ಯಾರೊಲಿನಾ ಎದುರು ಆಟ ಸಾಗದಾದಾಗ ಬೇಬರ್ಸ್ ಡಂಗಿಯನ್ನು ಕೂರಿಸಿ ಡಿವಿಟೊನನ್ನು ಇಳಿಸಿದರು. ಡಿವಿಟೊ ಎರಡು ಹೆಚ್ಚುವರಿ ಅವಧಿಗಳ ನಂತರ 40–37ರಿಂದ ಗೆಲ್ಲಿಸಿದ. ಹುಡುಗನ ಕಾಲ ಬಂತು ಎಂದು ಎಲ್ಲರೂ ಅಂದುಕೊಂಡಾಗ ಬೇಬರ್ಸ್ ಮುಂದಿನ ವಾರಕ್ಕೆ ಮತ್ತೆ ಡಂಗಿಯನ್ನೇ ಆರಿಸಿದರು. ಡಂಗಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಎದುರು ನಾನೂರು ಗಜಕ್ಕೂ ಹೆಚ್ಚು ಎಸೆದು ಗೆದ್ದ. ವರ್ಷದ ಕೊನೆಗೆ ಸಿರಕ್ಯೂಸ್‌ಗೆ ಹತ್ತು ಗೆಲುವು, ಮೂರು ಸೋಲು. ಅಂಥ ವರ್ಷ 2001ರ ಮೇಲೆ ಬಂದಿರಲಿಲ್ಲ.

ಒಂದೇ ತಿಂಗಳಲ್ಲಿ ಒಂದೇ ಪ್ರಶ್ನೆಗೆ ಇಬ್ಬರು ಕೋಚ್‌ಗಳು ತದ್ವಿರುದ್ಧ ಉತ್ತರ ಕೊಟ್ಟರು. ಎರಡೂ ಸರಿಯಾಗಿದ್ದವು ಎಂಬುದು ನನ್ನ ಎಣಿಕೆ. ಕ್ಲೆಮ್ಸನ್‌ನ ಲೆಕ್ಕ ಬೇರೆ: ಅಲ್ಲಿ ಬಲಿಷ್ಠ ರಕ್ಷಣಾ ಸಾಲಿತ್ತು, ಎಟಿಯೆನ್ ಇದ್ದ. ಹುಡುಗ ತಪ್ಪು ಮಾಡಿದರೂ ತಾಳಿಕೊಳ್ಳುವ ಕೈಗಳಿದ್ದವು, ಅಲಬಾಮಾವನ್ನು ದಾಟುವ ಎತ್ತರವೊಂದು ಮಾತ್ರ ಬೇಕಿತ್ತು. ಸಿರಕ್ಯೂಸ್‌ನಲ್ಲಿ ಅಂಥ ಆಸರೆ ಇರಲಿಲ್ಲ. ಇಡೀ ತಂಡ ಡಂಗಿಯ ಕಾಲಿನ ಮೇಲೆ ಮೇಲೇರಿ ಬಂದಿತ್ತು, ಅವನಂತೆ ಆಡುವುದನ್ನೇ ಕಲಿತಿತ್ತು. ಡಿವಿಟೊಗೆ 2019ರಲ್ಲಿ ಜಾಗ ಪೂರ್ತಿ ಸಿಕ್ಕಿತು. ಆ ವರ್ಷ ತಂಡ ಐದು ಗೆದ್ದು ಏಳು ಸೋತಿತು. ಅದು ಅವನ ಸಾಮರ್ಥ್ಯದ ಕೊರತೆ ಎನ್ನಲಾರೆ, ಅವನು ಮುಂದೆ ವೃತ್ತಿಪರ ಲೀಗಿನಲ್ಲೂ ಆಡಿದ. ಹುಡುಗನ ಬೆನ್ನಿಗೆ ನಿಲ್ಲುವವರು ಇರಲಿಲ್ಲ ಅಷ್ಟೆ.

ನಾಲ್ಕು ಪಂದ್ಯಗಳ ಬಾಗಿಲನ್ನು ಆಮೇಲೆ ಹಲವರು ಬಳಸಿದರು. 2019ರಲ್ಲಿ ಹ್ಯೂಸ್ಟನ್‌ನ ಡೆರಿಕ್ ಕಿಂಗ್ ನಾಲ್ಕು ಪಂದ್ಯ ಆಡಿ ನಿಲ್ಲಿಸಿದ, ಮರುವರ್ಷ ಮಿಯಾಮಿಗೆ ಹೋದ. 2024ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ಮೂರಕ್ಕೆ ಮೂರೂ ಗೆದ್ದು ಉಬ್ಬುತ್ತಿದ್ದಾಗ ಅದರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲುಕಾ, ಕೊಟ್ಟ ಮಾತು ಉಳಿಯಲಿಲ್ಲ ಎಂದು ಹೇಳಿ ಹೊರನಡೆದ. ಹಜ್-ಮಲಿಕ್ ವಿಲಿಯಮ್ಸ್ ಆ ಜಾಗಕ್ಕೆ ಬಂದ, ತಂಡ ಆ ವರ್ಷ ಹನ್ನೊಂದು ಗೆದ್ದಿತು. ಈಗ ಹಣದ ಒಪ್ಪಂದಗಳೂ ಸೇರಿ ವಿಷಯ ಇನ್ನಷ್ಟು ಜಟಿಲವಾಗಿದೆ. ಇಂದಿನ ಕೋಚ್‌ಗೆ ಸೆಪ್ಟೆಂಬರ್ ಅಂದರೆ ಎದುರಾಳಿಯಷ್ಟೇ ಭಯ ತನ್ನದೇ ಎರಡನೆಯ ಸಾಲಿನದು.

ಬ್ರೈಸ್ 2018ರ ನಂತರ ಇನ್ನೊಂದು ವರ್ಷ ಲಾರೆನ್ಸ್ ಹಿಂದೆಯೇ ಕೂತ. ಆಮೇಲೆ ಡ್ಯೂಕ್, ಅಲ್ಲಿಂದ ನಾರ್ತ್ ಕ್ಯಾರೊಲಿನಾದ ಬೆಟ್ಟದ ಊರು ಬೂನ್‌ನಲ್ಲಿರುವ ಅಪಲೇಷಿಯನ್ ಸ್ಟೇಟ್. 2022ರ ಸೆಪ್ಟೆಂಬರ್ 10ರಂದು ಆ ತಂಡ ದೇಶದ ಆರನೆಯ ಸ್ಥಾನದಲ್ಲಿದ್ದ ಟೆಕ್ಸಸ್ ಎ ಅಂಡ್ ಎಂ ಎದುರು ಆಡಲು ಕೈಲ್ ಫೀಲ್ಡ್‌ಗೆ ಹೋಯಿತು. ನಾಲ್ಕು ವರ್ಷಗಳ ಹಿಂದೆ, ಅದೇ ತಿಂಗಳು, ಬ್ರಯಂಟ್ ಮತ್ತು ಲಾರೆನ್ಸ್ ಸರದಿಯಲ್ಲಿ ಆಡಿದ ಅಂಗಳ ಅದು. ಈ ಸಲ ಆರಂಭದಿಂದ ಕೊನೆಯವರೆಗೂ ಚೆಂಡು ಬ್ರೈಸ್ ಕೈಯಲ್ಲಿತ್ತು. ಅಪಲೇಷಿಯನ್ ಸ್ಟೇಟ್ 17, ಟೆಕ್ಸಸ್ ಎ ಅಂಡ್ ಎಂ 14.